ಅಂಚು ಗರಿಗರಿ, ನಡು ಇನ್ನೂ ಒದ್ದೆ: ಸ್ಟೆಂಟರ್ ವೇಗ ಹೆಚ್ಚಿಸುವುದು ಹೇಗೆ?

ಹತ್ತಿಎಳೆ (ಪ್ರಶ್ನೆ)

ಆರು ಚೇಂಬರಿನ ಸ್ಟೆಂಟರ್ (ಬಟ್ಟೆಯ ಎರಡೂ ಅಂಚನ್ನು ಚೇನಿನಲ್ಲಿ ಹಿಡಿದು ಬಿಸಿ ಗಾಳಿಯಲ್ಲಿ ಒಣಗಿಸುವ ಯಂತ್ರ), ಒಂದೊಂದು ಚೇಂಬರ್ 3 ಮೀಟರ್ ಉದ್ದ, ಕಾಯಿಸಿದ ಎಣ್ಣೆ ಅಂದರೆ ಥರ್ಮಿಕ್ ಫ್ಲೂಯಿಡ್‌ನಿಂದ ಬಿಸಿಯಾಗುವುದು. ಮುಂದೆ ಎರಡು ರೋಲಿನ ಪ್ಯಾಡಿಂಗ್ ಮ್ಯಾಂಗಲ್ (ಬಟ್ಟೆಯನ್ನು ತೊಟ್ಟಿಯಲ್ಲಿ ಅದ್ದಿ ರೋಲುಗಳ ನಡುವೆ ಹಿಂಡುವ ಯಂತ್ರ). ಓಡುತ್ತಿರುವುದು ಪೂರ್ತಿ ಹತ್ತಿಯ ನೇಯ್ದ ಬಟ್ಟೆ, 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ, 1.6 ಮೀಟರ್ ಅಗಲ. ರಿಯಾಕ್ಟಿವ್ ಡೈ ಆಗಿ ಚೆನ್ನಾಗಿ ತೊಳೆದು ಬಂದದ್ದು. ಮ್ಯಾಂಗಲ್ ತೊಟ್ಟಿಯಲ್ಲಿ ಸಾಫ್ಟ್‌ನರ್, ಲೀಟರಿಗೆ 25 ಗ್ರಾಂ.

ನಿಮಿಷಕ್ಕೆ 40 ಮೀಟರಿಗಿಂತ ಮೇಲೆ ಹೋಗಲು ಆಗುತ್ತಿಲ್ಲ. ಎಲ್ಲ ಚೇಂಬರುಗಳನ್ನೂ 150ರಿಂದ 170 ಡಿಗ್ರಿಗೆ ಏರಿಸಿ ನೋಡಿದೆವು. ಹೊರಬರುವ ಬಟ್ಟೆಯಲ್ಲಿ ಅಂಚಿನ ತೇವಾಂಶ 3 ಶೇಕಡಾ, ನಡುವೆ 9. ಅಂಚು ಮುಟ್ಟಿದರೆ ಒರಟು, ತಿಳಿ ಬಣ್ಣಗಳಲ್ಲಿ ಅಂಚಿಗೆ ಸ್ವಲ್ಪ ಹಳದಿ ಛಾಯೆ. ಮ್ಯಾಂಗಲ್ ಒತ್ತಡ 3 ಬಾರ್ ಇದ್ದದ್ದನ್ನು 4ಕ್ಕೆ ತಂದರೂ ನಡು ಒಣಗಲಿಲ್ಲ, ಇನ್ನಷ್ಟು ಒದ್ದೆಯಾದಂತೆ ಕಾಣುತ್ತದೆ. ಇಂಧನ ಮಾತ್ರ ಜಾಸ್ತಿ ಸುಡುತ್ತಿದೆ. ಇನ್ನೊಂದು ಚೇಂಬರ್ ಸೇರಿಸಬೇಕೆಂಬ ಮಾತು ನಡೆದಿದೆ. ಅದಕ್ಕೂ ಮೊದಲು ಏನೇನು ನೋಡಬೇಕು?

ಮ್ಯಾಂಗಲ್‌ಮಿತ್ರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ. ಕಾಯಿಲೆ ಇರುವುದು ಬಹುಶಃ ಮ್ಯಾಂಗಲಿಗೆ, ಬರೆ ಬಿದ್ದಿರುವುದು ಚೇಂಬರಿಗೆ. ಒತ್ತಡ ಹೆಚ್ಚಿಸಿದಾಗ ನಡು ಇನ್ನೂ ಒದ್ದೆಯಾಯಿತು ಎಂದಿರಲ್ಲ, ಸುಳಿವು ಅಲ್ಲೇ ಇದೆ.

ಎರಡು ರೋಲಿನ ಮ್ಯಾಂಗಲಿನಲ್ಲಿ ಒತ್ತಡ ಬೀಳುವುದು ರೋಲಿನ ಎರಡು ತುದಿಗಳ ಬೇರಿಂಗುಗಳ ಮೇಲೆ. ಒತ್ತಿದಷ್ಟೂ ರೋಲು ಬಿಲ್ಲಿನಂತೆ ಬಾಗುತ್ತದೆ, ತುದಿ ಬಿಗಿಯಾಗುತ್ತದೆ, ನಡು ತೆರೆದುಕೊಳ್ಳುತ್ತದೆ. ಈ ಬಾಗು ಸರಿದೂಗಲಿ ಎಂದೇ ರಬ್ಬರ್ ರೋಲನ್ನು ನಡುವೆ ಕೊಂಚ ಉಬ್ಬಿಸಿ ಗ್ರೈಂಡ್ ಮಾಡಿರುತ್ತಾರೆ. ಆ ಉಬ್ಬು ಒಂದು ನಿರ್ದಿಷ್ಟ ಒತ್ತಡಕ್ಕೆ ಮಾತ್ರ ಹೊಂದುತ್ತದೆ. ರಬ್ಬರ್ ನಡುವೆ ಸವೆದಿದ್ದರೆ, ಅಥವಾ ನೀವು ಆ ಒತ್ತಡವನ್ನು ಮೀರಿದರೆ, ಅಂಚು ಹಿಂಡಿದಂತೆ ನಡು ಹಿಂಡುವುದಿಲ್ಲ.

ಮೊದಲು ಅಳೆಯಿರಿ. ಮ್ಯಾಂಗಲ್ ದಾಟಿದ ತಕ್ಷಣ, ಚೇನಿಗೆ ಹತ್ತುವ ಮೊದಲು, ಎಡ, ನಡು, ಬಲ ಮೂರು ಕಡೆ ಜಿಎಸ್‌ಎಂ ಕಟರ್‌ನಿಂದ 100 ಚದರ ಸೆಂಟಿಮೀಟರಿನ ತುಂಡು ತೆಗೆಯಿರಿ. ಅಂಚಿನಿಂದ 10 ಸೆಂಟಿಮೀಟರ್ ಒಳಗೆ ಬಂದು ಕತ್ತರಿಸಿ, ಅಂಚಿನ ನೇಯ್ಗೆಯೇ ಬೇರೆ ಇರುತ್ತದೆ. ತುಂಡು ಕೈಗೆ ಬಂದ ಕೂಡಲೇ ಗಾಳಿಯಾಡದ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ. ತೂಗಿ. ಆಮೇಲೆ 105 ಡಿಗ್ರಿಯ ಅವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಡೆಸಿಕೇಟರಿನಲ್ಲಿ ತಣಿಸಿ ಮತ್ತೆ ತೂಗಿ. ಹಸಿ ತೂಕದಿಂದ ಒಣ ತೂಕ ಕಳೆದು, ಒಣ ತೂಕದಿಂದ ಭಾಗಿಸಿ, 100ರಿಂದ ಗುಣಿಸಿದರೆ ಪಿಕಪ್, ಅಂದರೆ ಬಟ್ಟೆ ಹೊತ್ತು ತಂದ ದ್ರಾವಣ ಒಣ ತೂಕದ ಶೇಕಡಾ ಎಷ್ಟು ಎಂಬುದು. ಹಸಿ ತೂಕದಿಂದ ಭಾಗಿಸುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಆಗ 75 ಶೇಕಡಾ ಇದ್ದದ್ದು 43 ಎಂದು ಕಂಡು, ಮ್ಯಾಂಗಲ್ ಅದ್ಭುತವಾಗಿದೆ ಅನಿಸಿಬಿಡುತ್ತದೆ.

ಜೊತೆಗೆ ನಿಪ್ ಅಚ್ಚು, ಅಂದರೆ ಎರಡು ರೋಲು ಒತ್ತಿಕೊಳ್ಳುವ ಜಾಗದ ಗುರುತು, ತೆಗೆಯಿರಿ. ಯಂತ್ರ ನಿಲ್ಲಿಸಿ, ರೋಲು ಒರೆಸಿ ಒಣಗಿಸಿ, ಪೂರ್ತಿ ಅಗಲಕ್ಕೆ ಬಿಳಿ ಕಾಗದ, ಅದರ ಮೇಲೆ ಕಾರ್ಬನ್ ಕಾಗದ ಇಟ್ಟು, ಓಡುವಾಗಿನ ಒತ್ತಡವನ್ನೇ ಕೊಟ್ಟು ಬಿಡಿಸಿ. ಪಟ್ಟಿ ಎಲ್ಲ ಕಡೆ ಒಂದೇ ಅಗಲ ಇರಬೇಕು. ನಡುವೆ ಸಣ್ಣಗೆ, ಮಂಕಾಗಿ ಬಂದರೆ ರೋಲು ಗ್ರೈಂಡಿಂಗಿಗೆ ಹೋಗಬೇಕು. ಕಳಿಸುವಾಗ ಎಷ್ಟು ಒತ್ತಡದಲ್ಲಿ, ಎಷ್ಟು ಅಗಲದ ಬಟ್ಟೆ ಓಡಿಸುತ್ತೀರಿ ಎಂದು ಬರೆದು ಕೊಡಿ. ಅದಿಲ್ಲದೆ ಉಬ್ಬು ಎಷ್ಟಿರಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು? ರಬ್ಬರಿನ ಗಡಸುತನವನ್ನೂ ಶೋರ್ ಎ ಗೇಜಿನಿಂದ ಆರೇಳು ಕಡೆ ನೋಡಿ. ಒಂದೇ ರೋಲಿನಲ್ಲಿ 5 ಅಂಕಕ್ಕಿಂತ ಹೆಚ್ಚು ಅಂತರವಿದ್ದರೆ ಗ್ರೈಂಡಿಂಗ್ ಸಾಲದು, ಹೊಸ ರಬ್ಬರ್ ಹೊದಿಸಬೇಕು.

ಹಬೆಲೆಕ್ಕ

ಮೇಲಿನ ಮಾತಿಗೆ ಲೆಕ್ಕ ಸೇರಿಸುತ್ತೇನೆ. 200 ಜಿಎಸ್‌ಎಂ, 1.6 ಮೀಟರ್, 40 ಮೀಟರ್ ವೇಗ ಅಂದರೆ ಗಂಟೆಗೆ 768 ಕೆಜಿ ಒಣ ಬಟ್ಟೆ. ಸರಾಸರಿ ಪಿಕಪ್ 75 ಇದೆ, 6 ಶೇಕಡಾ ತೇವಾಂಶ ಉಳಿಸಿ ಹೊರಬಿಡುತ್ತೀರಿ ಎಂದುಕೊಳ್ಳೋಣ. ಗಂಟೆಗೆ ಸುಮಾರು 530 ಕೆಜಿ ನೀರು ಆವಿಯಾಗಬೇಕು. ಒಂದು ಕೆಜಿ ನೀರನ್ನು ಕೋಣೆಯ ಬಿಸಿಯಿಂದ ಎಬ್ಬಿಸಿ ಆವಿಯಾಗಿ ಹೊರಕಳಿಸಲು ಹತ್ತಿರ ಹತ್ತಿರ 2600 ಕಿಲೋಜೌಲ್ ಬೇಕು. ಒಟ್ಟು 383 ಕಿಲೋವ್ಯಾಟ್. ಇದರಲ್ಲಿ ಯಾವ ಜಾಣತನವೂ ನಡೆಯುವುದಿಲ್ಲ, ಪ್ರಕೃತಿಗೆ ಕಟ್ಟಲೇಬೇಕಾದ ಸುಂಕ.

ಸುಂಕ ಇಳಿಸಲು ಇರುವ ಒಂದೇ ದಾರಿ ನೀರನ್ನೇ ಕಡಿಮೆ ತರುವುದು. ಪಿಕಪ್ 75ರಿಂದ 63ಕ್ಕೆ ಇಳಿದರೆ, ಅದೇ ಚೇಂಬರುಗಳು, ಅದೇ ಉಷ್ಣತೆ, ವೇಗ 48 ಮೀಟರಿಗೆ ಏರಬಹುದು. 69ನ್ನು 57ರಿಂದ ಭಾಗಿಸಿ ನೋಡಿ. ಹೊಸ ಚೇಂಬರ್ ಕೊಡುವುದು ಆರರಲ್ಲಿ ಒಂದು ಪಾಲು, ಅಂದರೆ 47ರ ಹತ್ತಿರ. ಹಿಂಡುವುದಕ್ಕೆ ತಗಲುವ ವಿದ್ಯುತ್ತು ಆವಿಯಾಗಿಸುವ ಶಾಖದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಕಣ್ಣಿಗೆ ಕಾಣದ ಸೋರಿಕೆ ಎಕ್ಸಾಸ್ಟ್. ಹೊರಹೋಗುವ ಗಾಳಿ ಎಷ್ಟು ನೀರಾವಿ ಹೊತ್ತಿದೆ ಎಂದು ಎಂದಾದರೂ ಅಳೆದಿದ್ದೀರಾ? ಡ್ಯಾಂಪರ್ (ಗಾಳಿ ಹೊರಹೋಗುವ ದಾರಿಯ ಬಾಗಿಲು) ಪೂರ್ತಿ ತೆರೆದಿಟ್ಟ ಸ್ಟೆಂಟರುಗಳಲ್ಲಿ ಕೆಜಿ ಒಣ ಗಾಳಿಗೆ 50 ಗ್ರಾಂ ಇದ್ದರೆ ಹೆಚ್ಚು. ಇರಬೇಕಾದದ್ದು 100ರಿಂದ 150. ಒಳಬರುವ ಗಾಳಿಯಲ್ಲಿ 15 ಗ್ರಾಂ ಇದೆ ಎಂದರೆ, 50 ಗ್ರಾಮಿನ ಲೆಕ್ಕದಲ್ಲಿ ನಿಮ್ಮ 530 ಕೆಜಿ ನೀರು ಹೊರಲು ಗಂಟೆಗೆ 15 ಟನ್ ಗಾಳಿ ಬೇಕು. ಅಷ್ಟನ್ನೂ 30ರಿಂದ 140 ಡಿಗ್ರಿಗೆ ಕಾಯಿಸಿ ಆಕಾಶಕ್ಕೆ ಬಿಡುತ್ತೀರಿ: 467 ಕಿಲೋವ್ಯಾಟ್, ನೀರಿಗೆ ಬೇಕಾದದ್ದಕ್ಕಿಂತಲೂ ಜಾಸ್ತಿ. ಅದೇ 120 ಗ್ರಾಮಿಗೆ ತಂದರೆ 5 ಟನ್ ಗಾಳಿ, 156 ಕಿಲೋವ್ಯಾಟ್.

ಅಳೆಯಲು ದುಬಾರಿ ಮೀಟರ್ ಇರಲೇಬೇಕೆಂದಿಲ್ಲ. ಎರಡು ಥರ್ಮೋಕಪಲ್ ಸಾಕು. ಒಂದರ ತುದಿಗೆ ಹತ್ತಿಯ ಬತ್ತಿ ಸುತ್ತಿ, ಬಿಸಿ ನೀರಿನಲ್ಲಿ ಅದ್ದಿ, ಎಕ್ಸಾಸ್ಟ್ ಡಕ್ಟಿನೊಳಗೆ ಇಳಿಸಿ. ಅಂಕಿ ಏರುತ್ತಾ ಹೋಗಿ ಒಂದು ಕಡೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಬತ್ತಿ ಒಣಗಿದ ಮೇಲೆ ಮತ್ತೆ ಜಿಗಿಯುತ್ತದೆ. ಆ ನಿಂತ ಅಂಕಿಯೇ ವೆಟ್ ಬಲ್ಬ್. ಡಕ್ಟಿನ ಗಾಳಿ 140 ಡಿಗ್ರಿ ಇದ್ದಾಗ ವೆಟ್ ಬಲ್ಬ್ 51 ಬಂದರೆ 50 ಗ್ರಾಂ, 58ರಿಂದ 59 ಬಂದರೆ 100, 61 ಬಂದರೆ 120, 64 ಬಂದರೆ 150. ಈ ಅಂಕಿಗಳು ಡಕ್ಟ್ 140 ಇದ್ದಾಗಿನವು, 170ರಲ್ಲಿ ಹಾಗೇ ಓದಬೇಡಿ.

150 ಗ್ರಾಂ ದಾಟಿಸಬೇಡಿ. ಗಾಳಿ ತುಂಬಾ ತೇವವಾದರೆ ಒಣಗುವ ವೇಗವೇ ಇಳಿಯುತ್ತದೆ. ನಿಮ್ಮದು ಥರ್ಮಿಕ್ ಫ್ಲೂಯಿಡ್ ಆದ್ದರಿಂದ ಲೆಕ್ಕ ಸರಳ. ನೇರ ಗ್ಯಾಸ್ ಬರ್ನರ್ ಇರುವವರು ಗಮನಿಸಿ: ಒಂದು ಕೆಜಿ ಮೀಥೇನ್ ಉರಿದರೆ 2.25 ಕೆಜಿ ನೀರಾವಿ ಹುಟ್ಟುತ್ತದೆ. ದಹನದ ಹೊಗೆಯೂ ಚೇಂಬರಿನಲ್ಲೇ ಇರುವುದರಿಂದ ಡ್ಯಾಂಪರನ್ನು ತಯಾರಕರು ಹೇಳಿದ ಕನಿಷ್ಠಕ್ಕಿಂತ ಕೆಳಗೆ ಮುಚ್ಚುವಂತಿಲ್ಲ.

ಗಾಳಿಗೂಡು

ಮ್ಯಾಂಗಲನ್ನೇ ಪೂರ್ತಿ ದೂರಬೇಡಿ. ಪಿಕಪ್ ಮೂರು ಕಡೆ ಸಮ ಬಂದರೆ ತಪ್ಪು ಗಾಳಿಯಲ್ಲಿದೆ ಎಂದರ್ಥ. ಸಮ ಬರದಿದ್ದರೂ ಗಾಳಿಯ ಕಡೆ ಒಮ್ಮೆ ನೋಡಿ, ಎರಡೂ ಒಟ್ಟಿಗೇ ಕೆಟ್ಟಿರುವುದು ಹೊಸತೇನಲ್ಲ.

ಲಿಂಟ್ (ಹತ್ತಿಯ ನಾರಿನ ಧೂಳು) ಜಾಲರಿ: ಹತ್ತಿ ಓಡುವಾಗ ಎರಡರಿಂದ ನಾಲ್ಕು ಗಂಟೆಗೊಮ್ಮೆ ತೆಗೆದು ಊದಬೇಕು. ಶಿಫ್ಟಿಗೆ ಒಮ್ಮೆ ಸಾಲದು. ಜಾಲರಿ ಮುಚ್ಚಿದರೂ ಪ್ಯಾನೆಲ್ ಮೇಲೆ 150 ಡಿಗ್ರಿಯೇ ತೋರಿಸುತ್ತದೆ, ಮೋಸ ಅಲ್ಲೇ. ಬಟ್ಟೆಗೆ ಶಾಖ ತಲುಪುವುದು ಗಾಳಿ ಬಂದು ಬಡಿಯುವ ವೇಗದಿಂದ. ಉಷ್ಣತೆ ಇದ್ದು ವೇಗ ಇಲ್ಲದಿದ್ದರೆ ಬಟ್ಟೆ ಒಣಗದು.

ಪ್ರತಿ ಚೇಂಬರಿನ ಮೇಲಿನ ಮತ್ತು ಕೆಳಗಿನ, ಬಟ್ಟೆಗೆ ಗಾಳಿ ಊದುವ ನಾಝಲ್ ಪೆಟ್ಟಿಗೆಗೆ ಮ್ಯಾನೋಮೀಟರ್ (ಒತ್ತಡ ಮಾಪಕ) ಹಚ್ಚಿ ಹನ್ನೆರಡು ಅಂಕಿ ಬರೆದುಕೊಳ್ಳಿ. ಸರಿಯಾದ ಅಂಕಿ ಎಷ್ಟು ಎನ್ನುವುದಕ್ಕಿಂತ, ಯಾವುದು ಗುಂಪಿನಿಂದ ಹೊರಗಿದೆ ಎನ್ನುವುದನ್ನು ನೋಡಿ. ಒಂದು ಕಡೆ ಅರ್ಧಕ್ಕಿಳಿದಿದ್ದರೆ ಬೆಲ್ಟ್ ಸಡಿಲವಿರಬಹುದು, ನಾಝಲ್ ತೂತುಗಳಲ್ಲಿ ಲಿಂಟ್ ಕಟ್ಟಿರಬಹುದು, ಇಲ್ಲವೇ ಫ್ಯಾನ್ ತಿರುಗುಮುರುಗಾಗಿ ಓಡುತ್ತಿರಬಹುದು. ಕೊನೆಯದನ್ನು ಯಾರೂ ನಂಬುವುದಿಲ್ಲ. ಮೋಟಾರ್ ಬದಲಿಸುವಾಗ ಎರಡು ಫೇಸ್ ಅದಲುಬದಲಾದರೆ ಸೆಂಟ್ರಿಫ್ಯೂಗಲ್ ಫ್ಯಾನ್ ಉಲ್ಟಾ ತಿರುಗುತ್ತದೆ, ಆದರೂ ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ, ಬಹಳ ಕಡಿಮೆ ಅಷ್ಟೆ. ಸದ್ದಿನಿಂದ ಗೊತ್ತಾಗುವುದಿಲ್ಲ. ಕವಚದ ಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಿ.

ಇನ್ನು ಉಷ್ಣತೆಯ ಹಂಚಿಕೆ. ಒದ್ದೆ ಬಟ್ಟೆ 170ರ ಗಾಳಿಯಲ್ಲಿದ್ದರೂ ತಾನು ಬಿಸಿಯಾಗುವುದು ವೆಟ್ ಬಲ್ಬ್ ಹತ್ತಿರಕ್ಕೆ, 60 ಚಿಲ್ಲರೆ ಡಿಗ್ರಿಗೆ ಮಾತ್ರ. ಮೇಲ್ಮೈ ನೀರು ಮುಗಿದ ಮೇಲೆ ಬಟ್ಟೆಯ ಬಿಸಿ ಗಾಳಿಯ ಬಿಸಿಯತ್ತ ಓಡುತ್ತದೆ. ಅದಕ್ಕೇ ಮೊದಲ ಮೂರು ಚೇಂಬರಿಗೆ 160ರಿಂದ 170 ಕೊಟ್ಟರೂ ಬಟ್ಟೆಗೆ ನೋವಿಲ್ಲ, ಕೊನೆಯ ಎರಡಕ್ಕೆ 125ರಿಂದ 130 ಸಾಕು. ಎಲ್ಲಕ್ಕೂ 170 ಕೊಟ್ಟದ್ದೇ ಅಂಚಿನ ಒರಟಿಗೂ ಹಳದಿಗೂ ಕಾರಣ. ಸಾಫ್ಟ್‌ನರ್ ಅಮಿನೋ ಸಿಲಿಕೋನ್ ಅಥವಾ ಕ್ಯಾಟಯಾನಿಕ್ ಆಗಿದ್ದರೆ ಹಳದಿ ಇನ್ನೂ ಬೇಗ ಕಾಣುತ್ತದೆ.

ನಂಬಿಕೆ ಬರದಿದ್ದರೆ ಬಣ್ಣ ಬದಲಾಯಿಸುವ ತಾಪಮಾನ ಪಟ್ಟಿಗಳನ್ನು ಬಟ್ಟೆಗೆ ಅಂಟಿಸಿ, ಅಂಚಿನಲ್ಲಿ ಒಂದು, ನಡುವೆ ಒಂದು, ಒಳಗೆ ಬಿಡಿ. ಒಮ್ಮೆ ತಲುಪಿದ ಗರಿಷ್ಠ ಬಿಸಿಯನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಕೈಯಲ್ಲಿ ಹಿಡಿಯುವ ಇನ್ಫ್ರಾರೆಡ್ ಗನ್ನನ್ನು ಇಣುಕುಗಾಜಿನ ಮೂಲಕ ಬಿಟ್ಟು ಓದಬೇಡಿ. ಅದು ತೋರಿಸುವುದು ಗಾಜಿನ ಬಿಸಿ.

ಬಣ್ಣದಬಾವಿ

ಗಾಳಿಗೂಡು ಹೇಳಿದ ಹಂಚಿಕೆ ತೊಳೆದು ಬಂದ ರಿಯಾಕ್ಟಿವ್ ಬಟ್ಟೆಗೆ ಸರಿ. ಅದೇ ಯಂತ್ರದಲ್ಲಿ ಪಿಗ್ಮೆಂಟ್ ಪ್ಯಾಡಿಂಗ್ (ಮ್ಯಾಂಗಲ್ ತೊಟ್ಟಿಯಲ್ಲೇ ಬಣ್ಣ ಹಿಡಿಸುವುದು) ಕೂಡ ಮಾಡುತ್ತೀರಾದರೆ ಆ ಸೆಟ್ಟಿಂಗನ್ನು ಕಣ್ಣುಮುಚ್ಚಿ ಬಳಸಬೇಡಿ. ಬಣ್ಣ ಇನ್ನೂ ಎಳೆಗೆ ಅಂಟಿರುವುದಿಲ್ಲ, ನೀರು ಯಾವ ಕಡೆಯಿಂದ ಬೇಗ ಆರುತ್ತದೋ ಬಣ್ಣವೂ ಆ ಕಡೆಗೆ ಹರಿಯುತ್ತದೆ. ಮೇಲಿನ ಗಾಳಿ ಜೋರಿದ್ದರೆ ಮೇಲ್ಮೈ ಗಾಢ, ಹಿಂಬದಿ ತಿಳಿ. ಹತ್ತಿಯಲ್ಲಿ ತೇವಾಂಶ 25ರಿಂದ 30 ಶೇಕಡಾಕ್ಕೆ ಇಳಿಯುವವರೆಗೂ ಈ ಓಟ ನಿಲ್ಲುವುದಿಲ್ಲ. ಅಂಥ ಬಟ್ಟೆಗೆ ಮೊದಲ ಚೇಂಬರುಗಳಲ್ಲಿ ಗಾಳಿ ಮೆಲ್ಲಗೆ, ಮೇಲೆ ಕೆಳಗೆ ಸಮ. ಇನ್ಫ್ರಾರೆಡ್ ಪ್ರೀಡ್ರೈಯರ್ ಇದ್ದರೆ ಆ ಹಂತ ಅಲ್ಲೇ ಮುಗಿಸಿ. ತೊಟ್ಟಿಗೆ ಆಲ್ಜಿನೇಟಿನಂಥ ತಡೆಯೂ ಹಾಕಬಹುದು.

ನೀಲಿಕೊಳವೆ

ಎಕ್ಸಾಸ್ಟಿಗೆ ಹೀಟ್ ರಿಕವರಿ ಹಾಕಿಸಿ, ಅರ್ಧ ಸಮಸ್ಯೆ ಮುಗಿಯುತ್ತದೆ.

ಹಬೆಲೆಕ್ಕ

ನೀಲಿಕೊಳವೆಯವರೇ, ಹಾಕಿಸಬಹುದು, ಕೊನೆಗೆ. ಇವತ್ತಿನ 15 ಟನ್ ಗಾಳಿಗೆ ಎಕ್ಸ್‌ಚೇಂಜರ್ ತಂದು ಕೂರಿಸಿ, ನಾಳೆ ಡ್ಯಾಂಪರ್ ಸರಿಮಾಡಿ 5 ಟನ್ನಿಗೆ ಇಳಿಸಿದರೆ, ಮೂರು ಪಟ್ಟು ದೊಡ್ಡ ಪೆಟ್ಟಿಗೆ ಅಲ್ಲಿ ಸುಮ್ಮನೆ ಕುಳಿತಿರುತ್ತದೆ. ಮೇಲಾಗಿ ಲಿಂಟೂ ಎಣ್ಣೆಯೂ ಅದರ ಟ್ಯೂಬುಗಳಲ್ಲಿ ಕಟ್ಟಿಕೊಳ್ಳುತ್ತವೆ, ತೊಳೆಯುವ ವ್ಯವಸ್ಥೆ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಹತ್ತಿಎಳೆ

ಎಲ್ಲರಿಗೂ ಧನ್ಯವಾದ. ಅಳೆದ ಅಂಕಿಗಳು ಇಲ್ಲಿವೆ.

ಪಿಕಪ್, 4 ಬಾರಿನಲ್ಲಿ: ಎಡ 70, ನಡು 82, ಬಲ 71. ನಿಪ್ ಅಚ್ಚು ತುದಿಗಳಲ್ಲಿ 14 ಮಿಲಿಮೀಟರ್, ನಡುವೆ 9. ಒತ್ತಡ 3 ಬಾರಿಗೆ ಇಳಿಸಿದಾಗ 74, 79, 74. ಸರಾಸರಿ ಏರಿದರೂ ನಡು ಇಳಿದಿದೆ. ಗಡಸುತನದಲ್ಲಿ ದೊಡ್ಡ ಅಂತರವಿಲ್ಲ, ರೋಲು ಗ್ರೈಂಡಿಂಗಿಗೆ ಹೋಗಲಿದೆ.

ಮೂರನೇ ಚೇಂಬರಿನ ಮೇಲಿನ ನಾಝಲ್ ಒತ್ತಡ ಉಳಿದವುಗಳ ಅರ್ಧ. ಫ್ಯಾನ್ ನಿಜಕ್ಕೂ ಉಲ್ಟಾ ತಿರುಗುತ್ತಿತ್ತು, ಫೇಸ್ ಬದಲಿಸಿದ್ದಾಯಿತು. ಉಷ್ಣತೆ ಈಗ 165, 165, 160, 150, 130, 125. ವೇಗ 45ರಲ್ಲಿ ಅಂಚು 5, ನಡು 8.

ಎಕ್ಸಾಸ್ಟ್ ಗಾಳಿ 140, ವೆಟ್ ಬಲ್ಬ್ 51. ಡ್ಯಾಂಪರ್ ಮುಚ್ಚುತ್ತಾ 60ರವರೆಗೆ ತಂದೆವು. ಒಂದು ತೊಂದರೆ: ಯಂತ್ರ ಶುರುಮಾಡಿದ ಮೊದಲ ಹೊತ್ತಿನಲ್ಲಿ ಮೊದಲ ಚೇಂಬರಿನಲ್ಲಿ ಬಟ್ಟೆಯ ಮೇಲೆ ಕಂದು ಹನಿ ಬೀಳುತ್ತದೆ. ಡ್ಯಾಂಪರ್ ಮತ್ತೆ ತೆರೆಯಬೇಕೇ?

ಗಾಳಿಗೂಡು

ಶುರುವಿನಲ್ಲಿ ಮಾತ್ರ ತೆರೆಯಿರಿ. 120 ಗ್ರಾಂ ನೀರಾವಿ ಇರುವ ಗಾಳಿ 56 ಡಿಗ್ರಿಗಿಂತ ತಣ್ಣಗಿರುವ ತಗಡು ಮುಟ್ಟಿದರೆ ಮಾತ್ರ ನೀರಾಗುತ್ತದೆ. ಮೊದಲು 50 ಗ್ರಾಂ ಇದ್ದಾಗ ಆ ಗಡಿ 40 ಡಿಗ್ರಿ ಇತ್ತು, ಆದ್ದರಿಂದ ಹನಿ ಕಂಡಿರಲಿಲ್ಲ. ತಣ್ಣಗಿರುವ ಯಂತ್ರವನ್ನು ಡ್ಯಾಂಪರ್ ಪೂರ್ತಿ ತೆರೆದು, ಬಟ್ಟೆಯಿಲ್ಲದೆ ಕಾಯಿಸಿ. ಡಕ್ಟಿನ ಒಳಗೋಡೆ 80 ದಾಟಿದ ಮೇಲೆ ಬಟ್ಟೆ ಬಿಡಿ, ಆಮೇಲೆ ಹಂತಹಂತವಾಗಿ ಮುಚ್ಚಿ. ಮೊದಲ ಚೇಂಬರಿನ ಚಾವಣಿ, ಬಟ್ಟೆ ಒಳಹೋಗುವ ಸೀಳು, ಡಕ್ಟಿನ ಮೊದಲ ಮೊಣಕೈ, ಈ ಮೂರು ಕಡೆ ಇನ್ಸುಲೇಷನ್ ಕಿತ್ತಿದೆಯೇ ನೋಡಿ.

ಡಕ್ಟು ಚೆನ್ನಾಗಿ ಬಿಸಿಯಾದ ಮೇಲೂ ಹನಿ ಬಿದ್ದರೆ ಅದು ನೀರಲ್ಲ, ಎಣ್ಣೆ. ಸಾಫ್ಟ್‌ನರ್ ಆವಿ ಮತ್ತು ಚೇನಿಗೆ ಹೆಚ್ಚಾಗಿ ಹಾಕಿದ ಲೂಬ್ರಿಕೆಂಟ್, ಲಿಂಟಿನೊಂದಿಗೆ ಸೇರಿ ಡಕ್ಟಿನಲ್ಲಿ ಡಾಂಬರಿನಂತೆ ಕಟ್ಟಿರುತ್ತದೆ. ಇಂದಿನ ಕಂದು ಬಣ್ಣವೂ ಅದರದ್ದೇ. ಅದನ್ನು ಕೆರೆದು ತೆಗೆಯದೆ ಗಾಳಿ ಕಡಿಮೆ ಮಾಡಿ ಓಡಿಸುತ್ತಾ ಹೋಗಬೇಡಿ, ಬೆಂಕಿ ಹಿಡಿಯುವುದು ಇಂಥ ಡಕ್ಟಿಗೇ. ಕೆಳಗಿನ ಬಾಗುವಿಕೆಯಲ್ಲಿ ಒಂದು ಡ್ರೈನ್ ಬಾಯಿ ಇಟ್ಟುಕೊಳ್ಳಿ.

ಅದೇ ಯಂತ್ರದಲ್ಲಿ ಪಾಲಿಯೆಸ್ಟರ್ ಹೀಟ್ ಸೆಟ್ಟಿಂಗ್ ಮಾಡುವ ದಿನ ಈ ಡ್ಯಾಂಪರ್ ಸ್ಥಾನ ನಡೆಯದು. ಅಲ್ಲಿ ನೀರು ಕಡಿಮೆ, ಎಣ್ಣೆ ಹೊಗೆ ಜಾಸ್ತಿ, ಹೊಗೆ ಎಳೆಯಲೇಬೇಕು. ಎರಡು ಸ್ಥಾನಕ್ಕೂ ಹಿಡಿಯ ಮೇಲೆ ಬಣ್ಣದಲ್ಲಿ ಗುರುತು ಹಾಕಿಡಿ. ಒಳಹೋಗುವ, ಹೊರಬರುವ ಸೀಳುಗಳಲ್ಲಿ ದಾರದ ತುಂಡು ಹಿಡಿದು ನೋಡಿ: ಮೆಲ್ಲಗೆ ಒಳಕ್ಕೆ ವಾಲಬೇಕು. ಹೊರಕ್ಕೆ ವಾಲಿದರೆ ಮುಚ್ಚಿದ್ದು ಜಾಸ್ತಿ, ಪಟಪಟ ಹೊಡೆದುಕೊಂಡು ಒಳಗೆ ಎಳೆದರೆ ತಣ್ಣನೆ ಗಾಳಿ ನುಗ್ಗುತ್ತಿದೆ.

ಮ್ಯಾಂಗಲ್‌ಮಿತ್ರ

ರೋಲು ಹೋಗಿ ಬರುವವರೆಗೆ 3 ಬಾರಿನಲ್ಲೇ ಇರಿ. 2.5ರಲ್ಲೂ ಒಮ್ಮೆ ಮೂರು ಕಡೆ ತೂಗಿ ನೋಡಿ, ನಡು ಇನ್ನೂ ಇಳಿದರೆ ಅದೇ ಸದ್ಯದ ಒತ್ತಡ. ಏರತೊಡಗಿದರೆ 3ಕ್ಕೆ ಹಿಂತಿರುಗಿ. ಪಿಕಪ್ ಬದಲಾದರೆ ಬಟ್ಟೆ ಹೊತ್ತೊಯ್ಯುವ ಸಾಫ್ಟ್‌ನರೂ ಬದಲಾಗುತ್ತದೆ, ಇದು ಮರೆತುಹೋಗುವ ವಿಷಯ. ಈಗ 75ಕ್ಕೆ ಲೀಟರಿಗೆ 25 ಗ್ರಾಂ. ಗ್ರೈಂಡಿಂಗ್ ಆಗಿ 63 ಬಂದರೆ ಅದೇ ಮೃದುತನಕ್ಕೆ ಸುಮಾರು 30 ಗ್ರಾಂ ಬೇಕು.

ಹೊರಬರುವ ಕಡೆ ತೇವಾಂಶ ಮಾಪಕದ ರೋಲರ್ ಎಡ, ನಡು, ಬಲ ಮೂರೂ ಕಡೆ ಇರಲಿ. ಅದು ಅಳೆಯುವುದು ವಿದ್ಯುತ್ ಹರಿವನ್ನು, ನೀರನ್ನಲ್ಲ. ತೊಳೆತದಲ್ಲಿ ಉಪ್ಪು ಉಳಿದಿದ್ದರೆ ಅಥವಾ ಸಾಫ್ಟ್‌ನರ್ ಬದಲಿಸಿದರೆ ಬಟ್ಟೆ ಒಣಗಿದ್ದರೂ ಒದ್ದೆ ಎಂದು ತೋರಿಸಬಹುದು. ರೆಸಿಪಿ ಬದಲಾದಾಗೆಲ್ಲ ಅವನ್ ತೂಕಕ್ಕೆ ಹೋಲಿಸಿ ಸರಿಪಡಿಸಿ. ಹತ್ತಿ ಸಹಜವಾಗಿ ಹಿಡಿದುಕೊಳ್ಳುವ ತೇವಾಂಶವೇ 8.5 ಶೇಕಡಾ, ಆದ್ದರಿಂದ 6ರಿಂದ 7ಕ್ಕೆ ಹೊರಬಿಟ್ಟರೆ ಸಾಕು. 3ಕ್ಕೆ ಒಣಗಿಸಿದರೆ ಅದು ಗೋದಾಮಿನ ಗಾಳಿಯಿಂದ ಮತ್ತೆ ನೀರು ಕುಡಿಯುತ್ತದೆ, ಸುತ್ತಿಟ್ಟ ಬಟ್ಟೆಯ ಹೊರಪದರ ಒಂದು ತೂಕ, ಒಳಪದರ ಇನ್ನೊಂದು. ವೇಗವನ್ನು ನಿಮಿಷಕ್ಕೆ 2 ಮೀಟರಿನಂತೆ ಏರಿಸಿ, ಪ್ರತಿ ಸಲ ಹತ್ತು ನಿಮಿಷ ಬಿಟ್ಟು ನಡುವಿನ ಅಂಕಿ ನೋಡಿ. ಅಂಚಿನದನ್ನು ನೋಡಿ ವೇಗ ನಿರ್ಧರಿಸಬೇಡಿ.